ಚಲಿಸುವ ಲಾಂಛನಕ್ಕೆ ಕನ್ನಡದಲ್ಲಿ ಏನೆನ್ನಬೇಕು?

ಮಾನ್ಯರೇ,

ವಿಡಿಯೊ ಕ್ಯಾಸೆಟ್‌ಗಳ ಆರಂಭಕಾಲವನ್ನು ಕುರಿತು ಬರೆಯುತ್ತಿರುವ ನಾನು ಒಂದು ಪದಕ್ಕಾಗಿ ತಡಕಾಡುತ್ತಿದ್ದೇನೆ. 1977ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿದ್ದ ಆಂಡ್ರೆ ಬ್ಲೇ ಅವರು ಟ್ವೆಂಟಿಯತ್ ಸೆಂಚುರಿ ಫಾಕ್ಸ್‌ನಿಂದ 50 ಚಿತ್ರಗಳ ಹಕ್ಕು ಪಡೆದು, ತಮ್ಮ ಮ್ಯಾಗ್ನೆಟಿಕ್ ವಿಡಿಯೊ ಸಂಸ್ಥೆಯ ಮೂಲಕ ಬೀಟಾಮ್ಯಾಕ್ಸ್ ಮತ್ತು ವಿಎಚ್‌ಎಸ್ ಕ್ಯಾಸೆಟ್‌ಗಳಲ್ಲಿ ಮಾರಾಟಕ್ಕೆ ತಂದರು. ಇಂಥ ವಿತರಕರ ಕ್ಯಾಸೆಟ್‌ಗಳಲ್ಲಿ ಚಿತ್ರಕ್ಕೆ ಮೊದಲು ಸಂಸ್ಥೆಯ ಗುರುತು ಸಂಗೀತದೊಡನೆ ಚಲಿಸುತ್ತಾ ಮೂಡುತ್ತಿತ್ತು. ನನ್ನ ಪ್ರಶ್ನೆ ಅದರ ಹೆಸರನ್ನು ಕುರಿತದ್ದು.

‘ಲಾಂಛನ’ವೆಂದರೆ ನಮಗೆ ನೆನಪಾಗುವುದು ಚಾಲುಕ್ಯರ ವರಾಹ, ಮೈಸೂರಿನ ಗಂಡಭೇರುಂಡ, ಎರಡೂ ಕೆತ್ತಿದ ಅಥವಾ ಅಚ್ಚೊತ್ತಿದ, ನಿಶ್ಚಲವಾದ ಗುರುತುಗಳು. ‘ಅಂಕಿತ’ ಸಮೀಪದ ಪದವಾದರೂ, ಕೀರ್ತನೆಯ ಕೊನೆಗೆ ಬರುವ ಅದನ್ನು ಆರಂಭದ ಗುರುತಿಗೆ ಹಚ್ಚಲು ಮನಸ್ಸು ಒಪ್ಪುವುದಿಲ್ಲ.

‘ಅನಿಮೇಷನ್ ಲಾಂಛನ’ವೆಂದರೆ ನೂರಾರು ಚಿತ್ರಗಳನ್ನು ಬರೆದು ಜೋಡಿಸಿದ್ದೆಂಬ ಭಾವನೆ ಬರುತ್ತದೆ. ಆದರೆ ಆ ಕಾಲದ ಟಿವಿ ಮತ್ತು ವಿಡಿಯೊ ಲಾಂಛನಗಳಿಗೆ ಬಳಕೆಯಾದ ಸ್ಕ್ಯಾನಿಮೇಟ್ ಯಂತ್ರದ ರೀತಿಯೇ ಬೇರೆ. ಡೆನ್ವರ್‌ನ ಕಂಪ್ಯೂಟರ್ ಇಮೇಜ್ ಸಂಸ್ಥೆಯಲ್ಲಿ ಲೀ ಹ್ಯಾರಿಸನ್ ರೂಪಿಸಿದ ಈ ಯಂತ್ರವು ಕಪ್ಪುಬಿಳುಪಿನ ಒಂದೇ ಚಿತ್ರವನ್ನು ಕ್ಯಾಮೆರಾದಿಂದ ಹಿಡಿದು ಪರದೆಯೊಂದರ ಮೇಲೆ ಮೂಡಿಸುತ್ತಿತ್ತು. ಅದನ್ನು ಮೂಡಿಸುವ ಎಲೆಕ್ಟ್ರಾನ್ ಕಿರಣವನ್ನೇ ವಿದ್ಯುತ್ ಸಂಕೇತಗಳಿಂದ ಬಾಗಿಸಿ, ಹಿಗ್ಗಿಸಿ, ತಿರುಚಿದಾಗ ಅಕ್ಷರಗಳು ನೀರಿನ ಅಲೆಯಂತೆ ತೊನೆಯುತ್ತಿದ್ದವು. ಇನ್ನೊಂದು ಕ್ಯಾಮೆರಾ ಅದನ್ನು ಸೆರೆಹಿಡಿದ ಮೇಲೆ ಬಣ್ಣ ಕೂಡುತ್ತಿತ್ತು. ಚಿತ್ರ ಒಂದೇ, ಚಲನೆ ಮಾತ್ರ ಕಿರಣದ್ದು.

‘ಚರಲಾಂಛನ’ ಎನ್ನಬಹುದೇ? ಚರಾಸ್ತಿಯಲ್ಲಿರುವ ‘ಚರ’ ಒಂದೆಡೆಯಿಂದ ಇನ್ನೊಂದೆಡೆಗೆ ಒಯ್ಯಬಹುದಾದದ್ದನ್ನು ಹೇಳುತ್ತದೆ. ಇಲ್ಲಿ ಗುರುತು ಎಲ್ಲಿಗೂ ಹೋಗದೆ, ನಿಂತಲ್ಲೇ ರೂಪ ತಳೆಯುತ್ತದೆ. ‘ಚಲಲಾಂಛನ’ ಅರ್ಥಕ್ಕೆ ಹೊಂದುತ್ತದೆ, ಆದರೆ ಎರಡು ಲಕಾರಗಳು ಒಟ್ಟಿಗೆ ಬಂದು ನಾಲಿಗೆ ತೊಡರುತ್ತದೆ.

ನನಗೆ ಹೆಚ್ಚು ಹಿಡಿಸಿರುವುದು ಯಕ್ಷಗಾನದ ‘ಒಡ್ಡೋಲಗ’. ಹಳಗನ್ನಡದಲ್ಲಿ ರಾಜಸಭೆಯೆಂಬ ಅರ್ಥವಿದ್ದ ಈ ಪದ ರಂಗದಲ್ಲಿ ಪಾತ್ರದ ವೈಭವದ ಪ್ರವೇಶಕ್ಕೆ ನಿಂತಿದೆ. ಹಾಗಾದರೆ ಗುರುತಿಗೆ ‘ಲಾಂಛನ’ವನ್ನೇ ಉಳಿಸಿಕೊಂಡು, ಅದು ಪರದೆಯ ಮೇಲೆ ಮೂಡಿಬರುವ ಆ ಕೆಲವು ಕ್ಷಣಗಳನ್ನು ‘ಲಾಂಛನದ ಒಡ್ಡೋಲಗ’ ಎನ್ನಬಹುದೇ? ಯಕ್ಷಗಾನ ಬಲ್ಲವರ ಕಿವಿಗೆ ಈ ಬಳಕೆ ಸರಿಯಾಗಿ ಕೇಳುತ್ತದೆಯೇ, ಅಥವಾ ಪದಕ್ಕೆ ಅನ್ಯಾಯವಾಗುತ್ತದೆಯೇ ಎಂಬುದನ್ನು ದಯವಿಟ್ಟು ತಿಳಿಸಿರಿ.