ಸೇಬು ಬಿದ್ದದ್ದಕ್ಕೂ ರಾಜನ ತಲೆ ಹೋದದ್ದಕ್ಕೂ ಏನು ಸಂಬಂಧ?

ಹೈಸ್ಕೂಲ್ ಮಿಸ್ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತೇನೆ. ಫ್ರಾನ್ಸಿನ ಕ್ರಾಂತಿಗೆ ಕಾರಣಗಳು ಅಂತ ಬರೆಸುವಾಗ ಒಂದು ಸಾಲು ತಪ್ಪದೆ ಬರುತ್ತದೆ: ವಿಜ್ಞಾನದ ಬೆಳವಣಿಗೆ ಮತ್ತು ಚಿಂತಕರ ಪ್ರಭಾವ. ವಾಲ್ಟೇರ್, ರೂಸೋ, ಮಾಂಟೆಸ್ಕ್ಯೂ ಅಂತ ಮೂರು ಹೆಸರು ಹೇಳಿ ಮುಂದಕ್ಕೆ ಹೋಗುತ್ತೇವೆ. ಮೊನ್ನೆ ಒಬ್ಬ ಹುಡುಗಿ ಎದ್ದು ನಿಂತು ಮೇಲಿನ ಪ್ರಶ್ನೆ ಕೇಳಿದಳು. ಚುನಾವಣೆ ಬಗ್ಗೆ ನ್ಯೂಟನ್ ಏನೂ ಹೇಳಿಲ್ಲ, ರಾಜನ ವಿರುದ್ಧವೂ ಬರೆದಿಲ್ಲ. ಹಾಗಾದರೆ ವಿಜ್ಞಾನ ಕ್ರಾಂತಿಗೆ ದಾರಿ ಮಾಡಿಕೊಟ್ಟದ್ದು ಹೇಗೆ? ದೊಡ್ಡ ತತ್ವ ಬೇಡ, ಮಕ್ಕಳ ಮುಂದೆ ಕಥೆಯ ಹಾಗೆ ಹೇಳಬಹುದಾದ ನಿಜವಾದ ಘಟನೆಗಳಿದ್ದರೆ ದಯವಿಟ್ಟು ತಿಳಿಸಿ.

ಬೆಳಗಾವಿ ಓದುಗ

ಮೇಡಂ, ನನಗೆ ಈ ವಾದದಲ್ಲಿ ಅಷ್ಟು ನಂಬಿಕೆ ಇಲ್ಲ. ಹಸಿದ ಹೊಟ್ಟೆ ಪುಸ್ತಕ ಓದುವುದಿಲ್ಲ. 1788ರ ಜುಲೈನಲ್ಲಿ ಆಲಿಕಲ್ಲು ಮಳೆ ಬಿದ್ದು ಬೆಳೆ ನೆಲ ಕಚ್ಚಿತು. ಮರುವರ್ಷ ಪ್ಯಾರಿಸ್ಸಿನಲ್ಲಿ ಕೂಲಿಯವನ ದುಡಿಮೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಬ್ರೆಡ್ಡಿಗೇ ಹೋಗುತ್ತಿತ್ತು. ಅಮೆರಿಕದ ಸ್ವಾತಂತ್ರ್ಯ ಯುದ್ಧಕ್ಕೆ ದುಡ್ಡು ಸುರಿದು ಖಜಾನೆ ಬರಿದಾಗಿತ್ತು. ಬ್ರೆಡ್ಡು ಮತ್ತು ಸಾಲ, ಈ ಎರಡು ಸಾಕು. ನ್ಯೂಟನ್‌ನನ್ನು ಯಾಕೆ ಎಳೆದು ತರಬೇಕು?

ಅಳತೆ ಇನ್ಸ್‌ಪೆಕ್ಟರ್ (ನಿವೃತ್ತ)

ಮೇಡಂ, ನಿಮ್ಮ ವಿದ್ಯಾರ್ಥಿನಿಯ ಪ್ರಶ್ನೆ ನೋಡಿ ತುಂಬಾ ಖುಷಿಯಾಯಿತು. ನಾನು ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರ್ ಆಗಿದ್ದವನು. ಸಂತೆ ಸಂತೆ ಸುತ್ತಿ ತಕ್ಕಡಿ, ತೂಕದ ಕಲ್ಲು, ಎಣ್ಣೆ ಅಳತೆ ಪರೀಕ್ಷೆ ಮಾಡಿ ಮುದ್ರೆ ಹಾಕುವುದು ನನ್ನ ಕೆಲಸವಾಗಿತ್ತು. ಆದ್ದರಿಂದ ನಾನು ಈ ಇತಿಹಾಸಕ್ಕೆ ಬಂದದ್ದು ವಾಲ್ಟೇರ್ ಕಡೆಯಿಂದ ಅಲ್ಲ, ಮೀಟರ್ ಕಡೆಯಿಂದ.

ಮೊದಲು ನ್ಯೂಟನ್. 1687ರಲ್ಲಿ ಅವನ ಪುಸ್ತಕ ಬಂತು. ಜನರಿಗೆ ತಟ್ಟಿದ್ದು ಅದರ ಲೆಕ್ಕವಲ್ಲ, ಅದರಲ್ಲಿದ್ದ ಒಂದು ಮಾತು: ಸೇಬಿಗೂ ಚಂದ್ರನಿಗೂ ಒಂದೇ ನಿಯಮ. ಮೇಲಿನವರಿಗೆ ಒಂದು, ಕೆಳಗಿನವರಿಗೆ ಒಂದು ಅಂತ ಇಲ್ಲ. ಇನ್ನೊಂದು ವಿಷಯ, ಆ ನಿಯಮ ಸರಿಯೋ ತಪ್ಪೋ ಅಂತ ಯಾರು ಬೇಕಾದರೂ ಲೆಕ್ಕ ಹಾಕಿ ನೋಡಬಹುದು. ಹೇಳಿದವನ ಪದವಿ, ಕುಲ ಯಾವುದೂ ಅಲ್ಲಿ ಲೆಕ್ಕಕ್ಕಿಲ್ಲ.

ಇದಕ್ಕೆ ಮಕ್ಕಳಿಗೆ ಹೇಳಲು ಒಳ್ಳೆಯ ಕಥೆ ಧೂಮಕೇತುವಿನದು. ಧೂಮಕೇತು ಕಂಡರೆ ರಾಜನಿಗೆ ಕೇಡು ಅಂತ ಯುರೋಪಿನಲ್ಲೂ ನಂಬುತ್ತಿದ್ದರು. ಅಂಥ ಒಂದು ಧೂಮಕೇತು 1758ರ ಸುಮಾರಿಗೆ ಮತ್ತೆ ಬರುತ್ತದೆ ಅಂತ ಇಂಗ್ಲೆಂಡಿನ ಖಗೋಳ ವಿಜ್ಞಾನಿ ಹ್ಯಾಲಿ ನ್ಯೂಟನ್‌ನ ನಿಯಮ ಇಟ್ಟುಕೊಂಡು ಹೇಳಿದ್ದ. 1742ರಲ್ಲಿ ಅವನು ತೀರಿಕೊಂಡ. ಆಮೇಲೆ ಪ್ಯಾರಿಸ್ಸಿನಲ್ಲಿ ಗಣಿತಜ್ಞ ಕ್ಲೇರೋ, ಖಗೋಳ ವಿಜ್ಞಾನಿ ಲಲಾಂದ್ ಮತ್ತು ನಿಕೋಲ್ ರೀನ್ ಲೆಪೋತ್ ಎಂಬ ಮಹಿಳೆ, ಮೂವರೂ ಸೇರಿ ತಿಂಗಳುಗಟ್ಟಲೆ ಕೈಯಲ್ಲೇ ಲೆಕ್ಕ ಹಾಕಿದರು. 1759ರ ಏಪ್ರಿಲ್ ಮಧ್ಯದಲ್ಲಿ ಅದು ಸೂರ್ಯನ ಹತ್ತಿರ ಬರುತ್ತದೆ, ಒಂದು ತಿಂಗಳು ಹೆಚ್ಚು ಕಡಿಮೆ ಆಗಬಹುದು ಅಂತ ಹೇಳಿದರು. ಅದು ಬಂದದ್ದು ಮಾರ್ಚ್ 13ಕ್ಕೆ. ಹೆಚ್ಚು ಕಡಿಮೆ ಹೇಳಿದ ಅವಧಿಗೇ ಬಂತು ನೋಡಿ! ರಾಜರ ಸಾವು ಹೇಳುವ ನಕ್ಷತ್ರ ಅಂತ ಹೆದರುತ್ತಿದ್ದದ್ದು ಈಗ ಕಾಗದದ ಮೇಲಿನ ಲೆಕ್ಕಕ್ಕೆ ಸಿಕ್ಕಿಬಿಟ್ಟಿತು. ಅದನ್ನು ಕಣ್ಣಾರೆ ಕಂಡ ಪೀಳಿಗೆ, "ತೆರಿಗೆ ಯಾಕೆ ಹೀಗೆ? ಕಾನೂನು ಯಾಕೆ ಹೀಗೆ?" ಅಂತಲೂ ಕೇಳದೆ ಇರುತ್ತದೆಯೇ?

ವಾಲ್ಟೇರ್ ಬಗ್ಗೆ ಒಂದೇ ಮಾತು. ನ್ಯೂಟನ್ 1727ರಲ್ಲಿ ತೀರಿಕೊಂಡಾಗ ಅವನು ಲಂಡನ್ನಿನಲ್ಲಿದ್ದ. ಇಂಗ್ಲೆಂಡಿನ ಡ್ಯೂಕ್‌ಗಳು, ಅರ್ಲ್‌ಗಳು ಆ ಶವಯಾತ್ರೆಯಲ್ಲಿ ನಡೆದರು. ಒಬ್ಬ ಗಣಿತದವನಿಗೆ ರಾಜಮರ್ಯಾದೆ ಸಿಕ್ಕಿದ್ದು ಅವನ ಮನಸ್ಸಿನಲ್ಲಿ ಅಚ್ಚಾಗಿ ಉಳಿಯಿತು. ಇಂಗ್ಲೆಂಡಿನ ಬಗ್ಗೆ ಬರೆದ ಪುಸ್ತಕ 1734ರಲ್ಲಿ ಫ್ರಾನ್ಸಿನಲ್ಲಿ ಹೊರಬಂದಾಗ ಪ್ಯಾರಿಸ್ಸಿನ ನ್ಯಾಯಸಭೆ ಅದನ್ನು ಸುಡಿಸಿತು.

ಈಗ ನನಗೆ ಬಹಳ ಇಷ್ಟವಾದ ಘಟನೆ. 1780ರಲ್ಲಿ ಉತ್ತರ ಫ್ರಾನ್ಸಿನ ಸಾಂತ್ ಓಮೆರ್ ಎಂಬ ಊರಿನಲ್ಲಿ ವಿಸ್ಸೆರಿ ಎನ್ನುವ ವಯಸ್ಸಾದ ವಕೀಲರು ತಮ್ಮ ಮನೆಯ ಮೇಲೆ ಮಿಂಚು ತಡೆಯುವ ಸಲಾಕೆ ನಿಲ್ಲಿಸಿದರು. ಅದು ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಕಂಡುಹಿಡಿದದ್ದು. ಅಕ್ಕಪಕ್ಕದವರಿಗೆ ಹೆದರಿಕೆ: ಈ ಮುದುಕಪ್ಪ ಆಕಾಶದ ಸಿಡಿಲನ್ನೆಲ್ಲ ನಮ್ಮ ಬೀದಿಗೇ ಕರೆಯುತ್ತಿದ್ದಾನೆ! ದೂರು ಹೋಯಿತು. ತೆಗೆದುಹಾಕಿ ಅಂತ ಊರಿನ ಅಧಿಕಾರಿಗಳು ಆಜ್ಞೆ ಮಾಡಿದರು. ವಿಸ್ಸೆರಿ ಮೇಲಿನ ಕೋರ್ಟಿಗೆ ಹೋದರು. ಅರ್ರಾಸ್ ಪಟ್ಟಣದಲ್ಲಿ ಕೇಸು ನಡೆಯಿತು. ಅವರ ಪರ ವಾದ ಮಾಡಿದವನು 25 ವರ್ಷದ ಹೊಸ ವಕೀಲ. ವಿಜ್ಞಾನದ ಪ್ರಶ್ನೆಗೆ ತೀರ್ಪು ಕೊಡಬೇಕಾದದ್ದು ಪ್ರಯೋಗವೇ ಹೊರತು ಭಯವಲ್ಲ ಎನ್ನುವುದು ಅವನ ವಾದದ ತಿರುಳು. 1783ರ ಮೇ 31ರಂದು ಕೇಸು ಗೆದ್ದ. ಆ ವಾದವನ್ನು ಅಚ್ಚು ಹಾಕಿಸಿ ಫ್ರಾಂಕ್ಲಿನ್‌ಗೂ ಒಂದು ಪ್ರತಿ ಕಳಿಸಿದ. ಆ ವಕೀಲನ ಹೆಸರು ಮ್ಯಾಕ್ಸಿಮಿಲಿಯೆನ್ ರೋಬ್‌ಸ್ಪಿಯರ್, ಮುಂದೆ ಕ್ರಾಂತಿ ಸರ್ಕಾರದ ಕಠೋರ ನಾಯಕನಾದವನು.

ಇದನ್ನು ಕ್ಲಾಸಿನಲ್ಲಿ ಹೇಳುವಾಗ ಹೆಸರನ್ನು ಕೊನೆಗೆ ಹೇಳಿ ಮೇಡಂ. ಮಕ್ಕಳು ಅವನನ್ನು ತಲೆ ಕಡಿಯುವ ಗಿಲೊಟಿನ್ ಯಂತ್ರದ ಪಾಠದಲ್ಲಿ ಮಾತ್ರ ನೋಡಿರುತ್ತಾರೆ.

ಬೆಳಗಾವಿಯವರು ಹೇಳಿದ ಬ್ರೆಡ್ಡಿನ ಮಾತು ಸುಳ್ಳಲ್ಲ. ಆದರೆ 1775ರಲ್ಲೂ ಹಿಟ್ಟಿಗಾಗಿ ಪ್ಯಾರಿಸ್ ಸುತ್ತಮುತ್ತ ದೊಡ್ಡ ಗಲಾಟೆ ಆಗಿತ್ತು. ಸೈನ್ಯ ಬಂತು, ಗಲಾಟೆ ನಿಂತಿತು, ರಾಜ ರಾಜನಾಗಿಯೇ ಉಳಿದ. ಹಸಿವು ಜನರನ್ನು ಬೀದಿಗೆ ತರುತ್ತದೆ. ಬೀದಿಗೆ ಬಂದವರು ಏನು ಕೇಳಬೇಕು ಅನ್ನುವುದು ಬೇರೆ ಕಡೆಯಿಂದ ಬರುತ್ತದೆ. 1789ರ ಜೂನ್ 20ರಂದು ಜನಪ್ರತಿನಿಧಿಗಳು ಟೆನಿಸ್ ಅಂಗಳದಲ್ಲಿ ಸೇರಿ ಸಂವಿಧಾನ ಆಗುವ ತನಕ ಚದುರುವುದಿಲ್ಲ ಅಂತ ಪ್ರತಿಜ್ಞೆ ಮಾಡಿದರಲ್ಲ, ಆ ಸಭೆಯ ಅಧ್ಯಕ್ಷ ಯಾರು ಗೊತ್ತಾ? ಬೈಯಿ, ಗುರುಗ್ರಹದ ಚಂದ್ರರ ಲೆಕ್ಕ ಮಾಡಿದ್ದ ಖಗೋಳ ವಿಜ್ಞಾನಿ.

ಇನ್ನು ನನ್ನ ವೃತ್ತಿಯ ವಿಷಯಕ್ಕೆ ಬರುತ್ತೇನೆ. 1789ರ ಆರಂಭದಲ್ಲಿ ಊರೂರಿನ ದೂರುಗಳನ್ನು ಬರೆದು ಕಳಿಸಿ ಅಂತ ರಾಜನೇ ಕೇಳಿದ. ಆ ದೂರಿನ ಪುಸ್ತಕಗಳಲ್ಲಿ ಮತ್ತೆ ಮತ್ತೆ ಬರುವ ಒಂದು ಬೇಡಿಕೆ: ಒಂದೇ ತೂಕ, ಒಂದೇ ಅಳತೆ ಮಾಡಿ. ಯಾಕೆಂದರೆ ಧಾನ್ಯ ಅಳೆಯುವ ಬ್ವಾಸೊ ಎಂಬ ಕೊಳಗ ಒಂದೊಂದು ಊರಲ್ಲಿ ಒಂದೊಂದು ಗಾತ್ರ. ಜಮೀನ್ದಾರನಿಗೆ ಧಾನ್ಯದಲ್ಲಿ ಗೇಣಿ ಕೊಡಬೇಕು, ಅಳತೆಯ ಪಾತ್ರೆ ಇರುವುದೂ ಅವನ ಹತ್ತಿರವೇ. ಕೋಲಿನಿಂದ ಬಾಯಿಮಟ್ಟಕ್ಕೆ ಒರೆಸಿ ಅಳೆಯಬಹುದು, ಗೋಪುರದ ಹಾಗೆ ಏರಿಸಿಯೂ ಅಳೆಯಬಹುದು. ಎತ್ತರದಿಂದ ಸುರಿದರೆ ಕಾಳು ಒತ್ತೊತ್ತಾಗಿ ಕೂತು ಇನ್ನೂ ಜಾಸ್ತಿ ಹಿಡಿಯುತ್ತದೆ. ಪಾತ್ರೆ ಅದೇ, ಗೇಣಿ ಮಾತ್ರ ಬೇರೆ. ಸಂತೆಯಲ್ಲಿ ಕೆಲಸ ಮಾಡಿದವನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ರೈತನ ಕಣ್ಣೆದುರೇ ಮೋಸ ನಡೆಯುತ್ತದೆ, ಅವನಿಗೆ ಕಾಣುತ್ತದೆ, ಆದರೂ ತೋರಿಸಿಕೊಡಲು ಅವನ ಕೈಯಲ್ಲಿ ಏನೂ ಇರುವುದಿಲ್ಲ.

ಹೊಸ ಅಳತೆಗೆ ಆಧಾರ ಏನು? ಪ್ಯಾರಿಸ್ಸಿನಲ್ಲಿ ಉದ್ದ ಅಳೆಯುವುದಕ್ಕೆ 'ರಾಜನ ಪಾದ' ಇತ್ತು. ಅದನ್ನೇ ದೇಶಕ್ಕೆಲ್ಲ ಹೇರಬಹುದಿತ್ತು. ವಿಜ್ಞಾನಿಗಳು ಬೇಡ ಅಂದರು. 1791ರಲ್ಲಿ ಭೂಮಿಯನ್ನೇ ಆಧಾರ ಮಾಡಿಕೊಂಡರು: ಉತ್ತರ ಧ್ರುವದಿಂದ ಸಮಭಾಜಕ ವೃತ್ತದವರೆಗಿನ ದೂರದ ಒಂದು ಕೋಟಿಯ ಒಂದು ಭಾಗವೇ ಒಂದು ಮೀಟರ್. ಭೂಮಿ ಯಾವ ರಾಜನಿಗೂ ಸೇರಿದ್ದಲ್ಲ, ಅನುಮಾನ ಬಂದವರು ಮತ್ತೆ ಅಳೆದು ನೋಡಬಹುದು.

1792ರಲ್ಲಿ ದೆಲಾಂಬ್ರ್ ಮತ್ತು ಮೆಶೆನ್ ಎಂಬ ಇಬ್ಬರು ಖಗೋಳ ವಿಜ್ಞಾನಿಗಳು ಆ ದೂರದ ಒಂದು ಭಾಗವನ್ನು, ಉತ್ತರ ಫ್ರಾನ್ಸಿನ ಡಂಕರ್ಕ್‌ನಿಂದ ಸ್ಪೇನಿನ ಬಾರ್ಸಿಲೋನಾ ತನಕ, ಅಳೆಯಲು ಹೊರಟರು. ಆಗಸ್ಟ್‌ನಲ್ಲಿ ರಾಜನನ್ನು ಇಳಿಸಿದರು. ದೆಲಾಂಬ್ರ್ ಕೈಯಲ್ಲಿದ್ದ ಅನುಮತಿ ಪತ್ರಗಳಲ್ಲಿ ಇದ್ದದ್ದು ಅದೇ ರಾಜನ ಹೆಸರು! ಸೆಪ್ಟೆಂಬರ್‌ನಲ್ಲಿ ಪ್ಯಾರಿಸ್ ಹತ್ತಿರದ ಸಾಂ ದೆನಿಯಲ್ಲಿ ಗುಂಪು ಅವನನ್ನು ತಡೆಯಿತು. ಗೂಢಚಾರ ಅಂತ ಅನುಮಾನ. ಉಪಕರಣಗಳನ್ನೆಲ್ಲ ಚೌಕದಲ್ಲಿ ಹರಡಿಸಿ, ಏನಿದು ಅಂತ ಕೇಳಿದರು. ಅಲ್ಲೇ ನಿಂತು ಭೂಮಿ ಅಳೆಯುವ ಪಾಠ ಮಾಡಬೇಕಾಯಿತು. ಕೆಲಸ ಮುಗಿಯುವಷ್ಟರಲ್ಲಿ ಆರು ವರ್ಷ ದಾಟಿತ್ತು.

ಅದಕ್ಕಿಂತ ಮೊದಲೇ, 1796 ಮತ್ತು 1797ರಲ್ಲಿ, ತಾತ್ಕಾಲಿಕ ಲೆಕ್ಕದ ಮೀಟರನ್ನು ಅಮೃತಶಿಲೆಯಲ್ಲಿ ಕೆತ್ತಿಸಿ ಪ್ಯಾರಿಸ್ಸಿನ 16 ಕಡೆ ಗೋಡೆಗೆ ಕೂರಿಸಿದರು. ವೋಜಿರಾರ್ ಬೀದಿಯಲ್ಲಿ ಒಂದು ಈಗಲೂ ಇದೆ. ಬಟ್ಟೆ ಅಂಗಡಿಯವನ ಕೋಲಿನ ಮೇಲೆ ಅನುಮಾನ ಬಂತೋ, ತೆಗೆದುಕೊಂಡು ಹೋಗಿ ಗೋಡೆಗೆ ಹಿಡಿದು ನೋಡು. ಇನ್ಸ್‌ಪೆಕ್ಟರ್ ಬರುವ ತನಕ ಕಾಯಬೇಕಾಗಿಲ್ಲ. ನಿಮ್ಮ ವಿದ್ಯಾರ್ಥಿನಿಗೆ ನನ್ನ ಉತ್ತರ ಇದೇ ಗೋಡೆ. ವಿಜ್ಞಾನ ಕ್ರಾಂತಿಗೆ ಕೊಟ್ಟದ್ದು ಘೋಷಣೆಯಲ್ಲ, ಒಬ್ಬರ ಕೈಯಲ್ಲಿದ್ದ ಅಳತೆಕೋಲನ್ನು ಎಲ್ಲರಿಗೂ ಸಿಗುವ ಕಡೆ ಇಡುವ ಧೈರ್ಯ.

ಸಾಗರದವಳು

ಸರ್, ಓದಿ ಮೈ ಜುಮ್ ಅಂತು. ಆದರೆ ಅದೇ ಕ್ರಾಂತಿ ರಸಾಯನ ವಿಜ್ಞಾನಿ ಲವಾಸಿಯೆಯನ್ನು ಕೊಂದಿತಲ್ಲ? ಇನ್ನೊಂದು, ಆ 'ಎಲ್ಲರಿಗೂ' ಅನ್ನುವುದರಲ್ಲಿ ಹೆಂಗಸರು, ಗುಲಾಮರು ಇದ್ದರಾ?

ಅಳತೆ ಇನ್ಸ್‌ಪೆಕ್ಟರ್ (ನಿವೃತ್ತ)

ಕೊಂದಿತು ಅಮ್ಮಾ. ಈ ನೋವನ್ನು ಮುಚ್ಚಿಟ್ಟು ಪಾಠ ಮಾಡಬಾರದು. ಲವಾಸಿಯೆ ರಾಜನ ಪರವಾಗಿ ತೆರಿಗೆ ವಸೂಲಿ ಮಾಡುವ ಕಂಪನಿಯಲ್ಲಿ ಪಾಲುದಾರ. ಜನಕ್ಕೆ ಆ ಕಂಪನಿ ಕಂಡರೆ ಆಗುತ್ತಿರಲಿಲ್ಲ, ಅದಕ್ಕೆ ಕಾರಣವೂ ಇತ್ತು. 1794ರ ಮೇ 8ರಂದು ಅವನನ್ನೂ ಅವನ ಮಾವನನ್ನೂ ಉಳಿದ ಪಾಲುದಾರರ ಜೊತೆ ಒಂದೇ ದಿನ ಗಿಲೊಟಿನ್‌ಗೆ ಹಾಕಿದರು. ಕಿಲೋಗ್ರಾಂ ನಿಗದಿ ಮಾಡಲು ನೀರನ್ನು ತೂಗಿದ್ದ ಕೈ ಅದು. ಟೆನಿಸ್ ಅಂಗಳದ ಬೈಯಿ ಅದಕ್ಕಿಂತ ಮೊದಲೇ, 1793ರ ನವೆಂಬರ್‌ನಲ್ಲಿ ಹೋಗಿದ್ದ. ಮಿಂಚಿನ ಸಲಾಕೆಯ ಕೇಸಿನಲ್ಲಿ ಪ್ರಯೋಗವೇ ಸಾಕ್ಷಿ ಅಂದಿದ್ದ ರೋಬ್‌ಸ್ಪಿಯರ್ ಅಧಿಕಾರಕ್ಕೆ ಬಂದಾಗ ಅನುಮಾನವನ್ನೇ ಸಾಕ್ಷಿ ಮಾಡಿಕೊಂಡ. ಇದು ನನಗೆ ಇವತ್ತಿಗೂ ಸಂಕಟದ ವಿಷಯ.

ಹೆಂಗಸರ ಬಗ್ಗೆ ಮಾತಾಡಿದವನು ಗಣಿತಜ್ಞ ಕೊಂಡೊರ್ಸೆ. 1790ರಲ್ಲಿ ಅವರಿಗೂ ಪೌರತ್ವದ ಹಕ್ಕು ಕೊಡಿ ಅಂತ ಬರೆದ. ಬಸುರಿ, ಬಾಣಂತನ ಅಂತ ನೆಪ ಹೇಳುವವರಿಗೆ ಅವನ ಉತ್ತರ ನೋಡಿ: ಚಳಿಗಾಲ ಪೂರ್ತಿ ಕೀಲುನೋವಿನಲ್ಲಿ ಒದ್ದಾಡುವ ಗಂಡಸಿನ ಹಕ್ಕನ್ನು ಯಾರೂ ಕಿತ್ತುಕೊಳ್ಳುವುದಿಲ್ಲವಲ್ಲ? ಸಭೆ ಕೇಳಲಿಲ್ಲ. ಕೊಂಡೊರ್ಸೆ 1794ರಲ್ಲಿ ಜೈಲಿನಲ್ಲಿ ಸತ್ತ. ಹೆಂಗಸರ ಹಕ್ಕುಗಳ ಘೋಷಣೆ ಬರೆದ ಒಲಾಂಪ್ ದ ಗೂಜ್ ಗಿಲೊಟಿನ್‌ಗೆ ಹೋದಳು.

ಗುಲಾಮರು ಕಾಯುತ್ತಾ ಕೂರಲಿಲ್ಲ. ಫ್ರಾನ್ಸಿನ ಸಕ್ಕರೆ ವಸಾಹತು ಸಾಂ ದೊಮಾಂಗ್‌ನಲ್ಲಿ 1791ರಲ್ಲಿ ದಂಗೆ ಎದ್ದರು. 1794ರಲ್ಲಿ ಪ್ಯಾರಿಸ್ ಗುಲಾಮಗಿರಿ ರದ್ದು ಮಾಡಿತು, 1802ರಲ್ಲಿ ನೆಪೋಲಿಯನ್ ವಾಪಸ್ ತಂದ. ಅವರು ಅವನ ಸೈನ್ಯವನ್ನೇ ಸೋಲಿಸಿ 1804ರ ಜನವರಿ 1ಕ್ಕೆ ಹೈಟಿ ಅಂತ ಸ್ವತಂತ್ರ ದೇಶ ಕಟ್ಟಿದರು. ಎಲ್ಲರಿಗೂ ಒಂದೇ ನಿಯಮ ಎನ್ನುವ ಮಾತನ್ನು ಪ್ಯಾರಿಸ್ಸಿನವರಿಗಿಂತ ಪೂರ್ತಿಯಾಗಿ ನಂಬಿದವರು ಅವರೇ ಅನ್ನುವುದು ನನ್ನ ಅಭಿಪ್ರಾಯ.

ಬೆಳಗಾವಿ ಓದುಗ

1775ರ ವಿಷಯ ಒಪ್ಪಿದೆ ಸರ್. ಬ್ರೆಡ್ಡನ್ನು ಮಾತ್ರ ಬಿಡುವುದಿಲ್ಲ.

ಹೈಸ್ಕೂಲ್ ಮಿಸ್

ಸರ್, ತುಂಬಾ ಧನ್ಯವಾದ. ಸಾಂತ್ ಓಮೆರ್ ಕಥೆಯನ್ನು ನಾಳೆಯೇ ಹೇಳುತ್ತೇನೆ. ಒಂದೇ ಒಂದು ಅನುಮಾನ: ಆ ಮೀಟರನ್ನು ಜನ ಕೂಡಲೇ ಒಪ್ಪಿಕೊಂಡರಾ?

ಅಳತೆ ಇನ್ಸ್‌ಪೆಕ್ಟರ್ (ನಿವೃತ್ತ)

ಎಲ್ಲಿ ಬಂತು ಮೇಡಂ! ಕೇಳಿದ್ದು ಜನರೇ, ಆದರೂ ಹೊಸ ಹೆಸರುಗಳು ಬಾಯಿಗೆ ಹತ್ತಲಿಲ್ಲ. 1812ರಲ್ಲಿ ನೆಪೋಲಿಯನ್ ಹಳೇ ಹೆಸರುಗಳಿಗೆ ಮತ್ತೆ ಅವಕಾಶ ಕೊಟ್ಟ. 1840ರ ಜನವರಿ 1ರಿಂದ ಮಾತ್ರ ಮೀಟರ್ ಪದ್ಧತಿ ಕಡ್ಡಾಯವಾಯಿತು. ನಮ್ಮಲ್ಲಿ ಅದಕ್ಕೆ ಕಾಯ್ದೆ ಬಂದದ್ದು 1956ರಲ್ಲಿ. ಆಮೇಲೂ ಎಷ್ಟೋ ವರ್ಷ ಸೇರು, ಪಾವು ನಡೆದೇ ಇತ್ತು.

ಕ್ಲಾಸಿಗೆ ಒಂದು ಪಾವು, ಸ್ವಲ್ಪ ಅಕ್ಕಿ, ಒಂದು ತಕ್ಕಡಿ ತೆಗೆದುಕೊಂಡು ಹೋಗಿ. ಒಮ್ಮೆ ಒರೆಸಿ ಅಳೆಯಲಿ, ಒಮ್ಮೆ ಗೋಪುರ ಏರಿಸಿ ಅಳೆಯಲಿ. ಎರಡನ್ನೂ ಆ ಹುಡುಗಿಯೇ ತೂಗಲಿ. ಎಷ್ಟು ವ್ಯತ್ಯಾಸ ಬಂತು ಅಂತ ಇಲ್ಲಿ ಹಾಕಿ, ನಾನೂ ನೋಡುತ್ತೇನೆ.