ಆರು ಕೊಟ್ಟರೂ ಒಂದೇ, ಸೊನ್ನೆ ಕೊಟ್ಟರೂ ಒಂದೇ

ವಿರಾಜಪೇಟೆಯ ಹೋಟೆಲಿನಲ್ಲಿ ಮಾತು ಮಳೆಯಿಂದ ಕರಿಮೆಣಸಿನ ರೇಟಿಗೆ, ಅಲ್ಲಿಂದ ವಿಮಾನಕ್ಕೆ ಏರಿತ್ತು. ಕೊಡಗಿನಲ್ಲಿ ರೈಲೂ ಇಲ್ಲ, ವಿಮಾನ ನಿಲ್ದಾಣವೂ ಇಲ್ಲ. ಹಾಗಾಗಿ ಎರಡರ ಬಗ್ಗೆಯೂ ಎಲ್ಲರಿಗೂ ಎಲ್ಲಾ ಗೊತ್ತು.

"ಇಳಿದ ಮೇಲೆ ಏರ್‌ಲೈನಿನ ಒಂದು ಸರ್ವೆ ಬರ್ತದಲ್ಲ, ನಮ್ಮನ್ನು ಬೇರೆಯವರಿಗೆ ಶಿಫಾರಸು ಮಾಡ್ತೀರಾ, 0ಯಿಂದ 10ರೊಳಗೆ ಹೇಳಿ ಅಂತ. ಆರು ಕೊಟ್ಟರೆ ಸಾಕಲ್ವಾ? ಫಸ್ಟ್ ಕ್ಲಾಸು!" ಅಂದ ಪೂವಯ್ಯ.

"ನಿನ್ನ ಫಸ್ಟ್ ಕ್ಲಾಸಿಗಿಷ್ಟು!" ಅಂದ ಗಣೇಶ. "0ಯಿಂದ 6 ಕೊಟ್ಟವರೆಲ್ಲ ಬೈಯುವವರ ಗುಂಪು. 7, 8 ಆಟಕ್ಕುಂಟು ಲೆಕ್ಕಕ್ಕಿಲ್ಲ. 9, 10 ಕೊಟ್ಟವರು ಮಾತ್ರ ಹೊಗಳುವವರು. ಹೊಗಳಿದವರ ಶೇಕಡಾದಲ್ಲಿ ಬೈದವರ ಶೇಕಡಾ ಕಳೆದರೆ ನೆಟ್ ಪ್ರಮೋಟರ್ ಸ್ಕೋರ್. 2003ರಲ್ಲಿ ಮ್ಯಾನೇಜ್‌ಮೆಂಟ್ ಸಲಹೆಗಾರ ಫ್ರೆಡ್ ರೈಕೆಲ್ಡ್ ಹಾರ್ವರ್ಡ್ ಬಿಸಿನೆಸ್ ರಿವ್ಯೂನಲ್ಲಿ ಬರೆದದ್ದು. ನೂರರಲ್ಲಿ 40 ಮಂದಿ ಹೊಗಳಿ, 25 ಮಂದಿ ಬೈದರೆ ಸ್ಕೋರ್ 15."

"ಅಂದ್ರೆ ಸಂಕೋಚಕ್ಕೆ ಆರು ಕೊಟ್ಟವನೂ, ಗಲಾಟೆ ಮಾಡಿ ಸೊನ್ನೆ ಕೊಟ್ಟವನೂ ಒಂದೇ ಬೆಂಚಲ್ಲಿ?"

"ಅಕ್ಕಪಕ್ಕದಲ್ಲೇ."

ತಂಗಮ್ಮಕ್ಕನ ತಕರಾರು ಬೇರೆ. "ಲೆಕ್ಕ ಆಮೇಲೆ. ಮೊದಲು ವಿಮಾನದೊಳಗೆ ಕೊಡುವ ಫಾರಂ ಯಾರ ಕೈಗೆ ಹೋಗ್ತದೆ ನೋಡು. ಗಗನಸಖಿಗೆ ಬಿಟ್ಟರೆ ನಗುಮುಖದವರನ್ನೇ ಹುಡುಕಿ ಕೊಡ್ತಾಳೆ, ಅವಳ ತಪ್ಪೂ ಅಲ್ಲ ಅದು. ಕಾಫಿ ಮೂಟೆಯ ಬಾಯಿಂದ ಮಾತ್ರ ಚೆರ್ರಿ ತೆಗೆದು, ಎಷ್ಟು ಬೇಳೆ ಸಿಗ್ತದೆ ಅಂತ ಔಟ್‌ಟರ್ನ್ ನೋಡಿದ ಹಾಗೆ. ಸೀಟು ಮೊದಲೇ ಗುರುತು ಮಾಡಿಡಬೇಕು. ಪ್ರತಿ ಐದನೇ ಸಾಲು ಅಂತಿಟ್ಟುಕೋ, ಒಮ್ಮೆ ಕಿಟಕಿ, ಒಮ್ಮೆ ನಡು, ಒಮ್ಮೆ ದಾರಿ ಪಕ್ಕ. ಮಲಗಿದ್ದವರು ಎಷ್ಟು, ಬೇಡ ಅಂದವರು ಎಷ್ಟು, ಅದನ್ನೂ ಬರೆದಿಡಬೇಕು."

"ಕೊಟ್ಟರೂ ತುಂಬೋದು ಹೇಗೆ ಅಕ್ಕ? ಟ್ರೇ ಮಡಚಿ ಅಂದ ಮೇಲೆ, ಮಂಡಿ ಮೇಲಿಟ್ಟು, 'ಅತ್ಯುತ್ತಮ' ಕಾಲಂನಲ್ಲಿ ಮೇಲಿಂದ ಕೆಳಗೆ ಒಂದೇ ಗೆರೆ!"

"ಅದನ್ನು ಹಿಡಿಯೋಕೇ ನಡುವೆ ಒಂದು ಪ್ರಶ್ನೆ ತಿರುಗಿಸಿ ಇಡೋದು, 'ಕಾದು ಕಾದು ಬೇಸರವಾಯಿತು' ಅಂತ. ಅದನ್ನೂ ಕಣ್ಣುಮುಚ್ಚಿ ಒಪ್ಪಿದವನ ಫಾರಂ ಪಕ್ಕಕ್ಕೆ. ಆದರೆ ಪ್ರಶ್ನೆ ಬರೆಯುವವರೂ ಕಮ್ಮಿಯಿಲ್ಲ. 'ಊಟ ಮತ್ತು ಸೇವೆ ಹೇಗಿತ್ತು?' ಅಂತ ಎರಡನ್ನೂ ಕಟ್ಟಿ ಕೇಳ್ತಾರೆ. ಕೊಟ್ಟ ಹುಡುಗಿ ಒಳ್ಳೆಯವಳು, ಕಪ್ ಉಪ್ಪಿಟ್ಟು ಅರೆಬೆಂದದ್ದು. ಮಾರ್ಕು ಯಾರಿಗೆ?"

"ಬಿಸಿನೀರು ಹಾಕಿ ಮುಚ್ಚಿಡದೆ ತಿಂದವನಿಗೆ," ಅಂದ ಗಣೇಶ. "ಏರ್‌ಪೋರ್ಟಿನವರ ಸರ್ವೆ ಬೇರೆಯೇ ಉಂಟು. ಜಗತ್ತಿನ ಏರ್‌ಪೋರ್ಟುಗಳ ಸಂಘ ಏರ್‌ಪೋರ್ಟ್ಸ್ ಕೌನ್ಸಿಲ್ ಇಂಟರ್‌ನ್ಯಾಷನಲ್‌ನ ಎಎಸ್‌ಕ್ಯೂ, ಅಂದರೆ ಏರ್‌ಪೋರ್ಟ್ ಸರ್ವಿಸ್ ಕ್ವಾಲಿಟಿ, 2006ರಿಂದ ನಡೀತಿದೆ. ಹೊರಡುವವರನ್ನು ಕೇಳೋದು ಗೇಟಿನ ಹತ್ತಿರ, ಹತ್ತುವ ಮೊದಲು."

"ವಿಮಾನ ತಪ್ಪಿದವನ ಅಭಿಪ್ರಾಯ?"

"ಅವನು ಗೇಟಿಗೆ ಬಂದಿದ್ದರೆ ತಾನೇ! ದಾರಿಯ ಮಾಕುಟ್ಟ ಘಾಟಿಯಲ್ಲಿ ಮರ ಬಿದ್ದು, ಕಣ್ಣೂರು ಏರ್‌ಪೋರ್ಟ್ ಮುಟ್ಟುವಾಗ ವಿಮಾನ ಹಾರಿ ಹೋಗಿದ್ದರೆ ಅವನ ಸಿಟ್ಟು ಯಾವ ಸರಾಸರಿಗೂ ಸೇರೋದಿಲ್ಲ. ಇನ್ನು ಕೆಲವರು ಸೆಕ್ಯುರಿಟಿ ಸಾಲು ಉದ್ದ ಅಂತ ಏರ್‌ಲೈನಿಗೆ ಬೈದು ಬರೀತಾರೆ. ತಪಾಸಣೆ ಮಾಡೋದು ಕೇಂದ್ರದ ಭದ್ರತಾ ಪಡೆ ಸಿಐಎಸ್‌ಎಫ್. ಟ್ರಾಲಿ, ಶೌಚಾಲಯ ಏರ್‌ಪೋರ್ಟಿನವರದ್ದು."

"ಹಾಗಾದ್ರೆ ಏನು ಬರೆದರೆ ಉಪಯೋಗ?"

"'ಸೇವೆ ಸರಿಯಿಲ್ಲ' ಅಂತ ಬರೆದರೆ ಓದಿದವನು ಏನು ಮಾಡಬೇಕು ಹೇಳು? ಫ್ಲೈಟ್ ನಂಬರ್, ತಾರೀಕು, ಹೊತ್ತು ಹಾಕಿ 'ಸೀಟು 14ಸಿ, ಓದುವ ದೀಪ ಉರಿಯಲಿಲ್ಲ' ಅಂತ ಬರಿ. ಅದು ರಿಪೇರಿಯವನ ಕೈಗೆ ಹೋಗೋ ಮಾತು."

"ನನ್ನ ಪೆಟ್ಟಿಗೆಯ ಚಕ್ರ ಮುರಿದರೆ?"

ತಂಗಮ್ಮಕ್ಕ ಲೋಟ ಕೆಳಗಿಟ್ಟರು. "ಅದನ್ನು ಸರ್ವೆಯಲ್ಲಿ ಬರೆದು ಕೂತರೆ ಚಕ್ರವೂ ಇಲ್ಲ, ದುಡ್ಡೂ ಇಲ್ಲ. ಹೊರಗೆ ಬರುವ ಮೊದಲೇ ಏರ್‌ಲೈನಿನ ಲಗೇಜ್ ಕೌಂಟರಿನಲ್ಲಿ ಪಿಐಆರ್, ಅಂದರೆ ಲಗೇಜಿನ ತೊಂದರೆಯ ವರದಿ, ಬರೆಸಬೇಕು, ಬೋರ್ಡಿಂಗ್ ಪಾಸು, ಲಗೇಜ್ ಟ್ಯಾಗ್ ತೋರಿಸಿ. ವಿದೇಶದಿಂದ ಬಂದದ್ದಾದರೆ ವಿಮಾನ ಪ್ರಯಾಣದ ಅಂತರರಾಷ್ಟ್ರೀಯ ಮಾಂಟ್ರಿಯಲ್ ಒಪ್ಪಂದದ ಗಡುವು ಉಂಟು. ಹಾಳಾದ ಪೆಟ್ಟಿಗೆಗೆ 7 ದಿನ, ತಡವಾಗಿ ಬಂದದ್ದಕ್ಕೆ ಕೈಗೆ ಸಿಕ್ಕಲ್ಲಿಂದ 21 ದಿನ, ಅಷ್ಟರೊಳಗೆ ಬರಹದಲ್ಲೇ ದೂರು ಕೊಡಬೇಕು. ಏರ್‌ಲೈನ್ ಬಾಯಿ ಬಿಡದಿದ್ದರೆ ಸರ್ಕಾರದ ದೂರು ಪೋರ್ಟಲ್ ಏರ್‌ಸೇವಾಕ್ಕೆ ಹಾಕು."

"ಪಿಐಆರ್ ಕಾಪಿ ಇಸ್ಕೊಳ್ಳದೆ ಬಂದರೆ?"

"ಗೋಣಿಕೊಪ್ಪದಲ್ಲಿ ಬ್ಯಾಗ್ ರಿಪೇರಿಯವನು ಸಂಜೆವರೆಗೂ ಇರ್ತಾನೆ, ಹೋಗು."