ಕೊಳವೆಬಾವಿ ನೀರಿನ ಈಜುಕೊಳ: ಇಳಿಸಿದ ಪಿಎಚ್ ಮತ್ತೆ ಏರುತ್ತಿದೆ

ಪ್ರಶ್ನೆ:
ದೇವನಹಳ್ಳಿ ಬಳಿಯ ನಮ್ಮ ಮನೆಯ ಈಜುಕೊಳ ಸುಮಾರು 40,000 ಲೀಟರ್ ಹಿಡಿಯುತ್ತದೆ. ತುಂಬಿಸುವುದು ಕೊಳವೆಬಾವಿಯ ನೀರನ್ನೇ. ಒಟ್ಟು ಕ್ಷಾರೀಯತೆ (ಆಮ್ಲವನ್ನು ತಡೆದುಕೊಳ್ಳುವ ನೀರಿನ ಶಕ್ತಿ) 220 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 220 ಭಾಗ), ಪಿಎಚ್ (ನೀರಿನ ಆಮ್ಲ-ಕ್ಷಾರ ಮಟ್ಟ) 8.2 ಇದೆ. ಆಮ್ಲ ಹಾಕಿದರೆ ಪಿಎಚ್ ಇಳಿಯುತ್ತದೆಯಾದರೂ ಕೆಲವೇ ದಿನಗಳಲ್ಲಿ ಮತ್ತೆ ಏರಿ, ಅಂಚಿನ ಟೈಲ್ಸ್ ಮೇಲೆ ಬಿಳಿಯ ಪೊರೆ ಕಟ್ಟುತ್ತಿದೆ. ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1:
ಕ್ಷಾರೀಯತೆ ಹೆಚ್ಚಿರುವ ನೀರಿನಿಂದ ಇಂಗಾಲದ ಡೈಆಕ್ಸೈಡ್ ಗಾಳಿಗೆ ಹೊರಟುಹೋದಂತೆಲ್ಲ ಪಿಎಚ್ ಏರುತ್ತದೆ. ಆದ್ದರಿಂದ ಪಿಎಚ್‌ನ ಬೆನ್ನು ಹತ್ತುವ ಬದಲು ಮೊದಲು ಕ್ಷಾರೀಯತೆಯನ್ನು 80ರಿಂದ 120ರೊಳಗೆ ತನ್ನಿ. ಹೈಡ್ರೋಕ್ಲೋರಿಕ್ ಆಮ್ಲದಿಂದ ಪಿಎಚ್ ಅನ್ನು 7.2ರ ಆಸುಪಾಸಿಗೆ ಇಳಿಸಿ, ಬಳಿಕ ನೀರು ಕೊಳಕ್ಕೆ ಮರಳುವ ನಳಿಕೆಗಳನ್ನು ಮೇಲ್ಮುಖವಾಗಿ ತಿರುಗಿಸಿ ಮೇಲ್ಮೈಯನ್ನು ಚೆನ್ನಾಗಿ ಕಲಕಿದರೆ, ಕ್ಷಾರೀಯತೆ ಹೆಚ್ಚದೆ ಪಿಎಚ್ ಮಾತ್ರ ಏರುತ್ತದೆ. ಆಮ್ಲವು ಕ್ಷಾರೀಯತೆಯನ್ನೂ ಇಳಿಸುವುದರಿಂದ, ಅದು ಬೇಕಾದ ಮಟ್ಟಕ್ಕೆ ಬರುವವರೆಗೆ ಹೀಗೆ ಮತ್ತೆ ಮತ್ತೆ ಆಮ್ಲ ಹಾಕಬೇಕು. ನಿಮ್ಮ ಕೊಳದಲ್ಲಿ 10 ಪಿಪಿಎಂ ಇಳಿಯಲು ಶೇ. 30ರ ಆಮ್ಲ ಸುಮಾರು 850 ಮಿಲಿಲೀಟರ್ ಬೇಕಾಗುತ್ತದೆ. ಒಂದೇ ದಿನದಲ್ಲಿ ಮುಗಿಸುವ ಹಟ ಖಂಡಿತ ಬೇಡ.

ಉತ್ತರ 2:
ಆಮ್ಲಕ್ಕೆ ನೀರನ್ನು ಸುರಿಯದೆ, ನೀರಿಗೇ ಆಮ್ಲವನ್ನು ಬೆರೆಸಿ, ಪಂಪ್ ಓಡುತ್ತಿರುವಾಗ ಹಾಕಿ. ಕ್ಲೋರಿನ್ ಪುಡಿಗೆ ಆಮ್ಲ ತಾಗಿದರೆ ವಿಷಾನಿಲ ಹೊರಡುತ್ತದೆ; ಎರಡನ್ನೂ ಒಂದೇ ಕಪಾಟಿನಲ್ಲಿಡುವುದೂ ತಪ್ಪು.

ಉತ್ತರ 3:
ಆವಿಯಾದಷ್ಟು ನೀರನ್ನು ಮತ್ತೆ ಕೊಳವೆಬಾವಿಯಿಂದಲೇ ತುಂಬಿಸಿದರೆ ಕ್ಷಾರೀಯತೆಯೂ ಮರಳಿ ಬರುತ್ತದೆ. ಸೋಸಿದ ಮಳೆನೀರಿನಲ್ಲಿ ಅದು ತೀರಾ ಕಡಿಮೆಯಿರುವುದರಿಂದ, ಚಾವಣಿಯ ನೀರು ಹಿಡಿಯುವ ತೊಟ್ಟಿಯಿದ್ದರೆ ಅದನ್ನೇ ಬಳಸಿ. ಕ್ಷಾರೀಯತೆ ಅಳತೆಮೀರಿ ಇಳಿದರೆ, 10 ಪಿಪಿಎಂ ಏರಿಸಲು 1,000 ಲೀಟರಿಗೆ ಸುಮಾರು 17 ಗ್ರಾಂ ಅಡುಗೆ ಸೋಡಾ ಸಾಕು.